ಅನುಭವವಿಲ್ಲದವಳ ಕಥೆ

ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ‘ಅನುಭವ’ ಎಂಬ ಮಾತಿಗಿರುವಷ್ಟು ಮರ್ಯಾದೆ ಬೇರೆ ಯಾವ ಮಾತಿಗೂ ಇದ್ದಂತಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕೂಡಿ ಕುಳಿತ ಮಂಟಪವನ್ನು ನಾವು ಅದರ ಹೆಸರಿನಿಂದಲೇ ಕರೆಯುತ್ತೇವೆ. ನವ್ಯರ ಕಾಲದಲ್ಲಿ ಕಾವ್ಯಕ್ಕೆ ಅದೇ ಒರೆಗಲ್ಲಾಯಿತು. ಬರೆದದ್ದು ಸ್ವಂತ ಅನುಭವದಿಂದ ಮೂಡಿದ್ದೇ, ಪುಸ್ತಕದಿಂದ ಕಡ ತಂದದ್ದೇ ಎಂಬುದು ಅಂದಿನ ಮೊದಲ ಪ್ರಶ್ನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನೂ ಈ ಪ್ರಶ್ನೆಯನ್ನು ವರ್ಷವರ್ಷವೂ ವಿದ್ಯಾರ್ಥಿಗಳ ಮುಂದಿಡುತ್ತೇನೆ. ಆದರೆ ಇದೇ ಮಾತಿಗೆ ಕಾಲೇಜಿನ ಗೋಡೆಯಾಚೆ ಇನ್ನೊಂದು ಅರ್ಥವಿದೆ. ನರ್ಸಿಂಗ್ ಪರೀಕ್ಷೆಯಲ್ಲಿ ಆಗತಾನೆ ತೇರ್ಗಡೆಯಾಗಿ, ಪರದೇಶದಲ್ಲಿ ಕೆಲಸ ಹುಡುಕುವ ಹುಡುಗಿಗೆ ಅನುಭವವೆಂದರೆ ಆಸ್ಪತ್ರೆಯ ಮೊಹರು ಬಿದ್ದ ಒಂದು ಹಾಳೆ. ಆ ಹಾಳೆ ಇದ್ದರೆ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಅವಳು ಓದಿದ ನಾಲ್ಕು ವರ್ಷ ಬಾಗಿಲ ಹೊರಗೇ ನಿಲ್ಲುತ್ತದೆ. ಈ ಹಾಳೆಯ ಕಥೆಯನ್ನು ನಮ್ಮ ಕಥನಕಲೆ ಎಷ್ಟರಮಟ್ಟಿಗೆ ಹೇಳಿದೆ ಎಂಬುದನ್ನು ಪರಿಶೀಲಿಸುವುದೇ ಇಲ್ಲಿ ನನ್ನ ಉದ್ದೇಶ.

ಮೊದಲು ಸಂಗತಿ ಏನೆಂಬುದನ್ನು ತಿಳಿಯೋಣ. ಪಿ.ಯು.ಸಿ. ಮುಗಿದ ಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಇಲ್ಲವೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ, ಬಳಿಕ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ. ಇಷ್ಟಾದರೆ ಅವಳು ಶಾಸ್ತ್ರೋಕ್ತವಾಗಿ ನರ್ಸ್. ಓದಿಗೆಂದು ಬ್ಯಾಂಕಿನಲ್ಲಿ ಸಾಲ ಮಾಡಿದ, ಮನೆಯ ಚಿನ್ನವನ್ನು ಅಡವಿಟ್ಟ ಕುಟುಂಬಗಳು ಬಹಳ. ಓದು ಮುಗಿದೊಡನೆ ಬಡ್ಡಿಯ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ. ಕೊಲ್ಲಿ ದೇಶಗಳ ಆಸ್ಪತ್ರೆಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವವನ್ನು ಕೇಳುತ್ತವೆ. ಅದನ್ನು ಇಲ್ಲಿಯ ಆಸ್ಪತ್ರೆಗಳಲ್ಲಿಯೇ ಸಂಪಾದಿಸಬೇಕು. ಹೊಸಬಳೆಂಬ ಕಾರಣಕ್ಕೆ ಇಲ್ಲಿ ಸಂಬಳ ಕಡಿಮೆ. ಇವಳಿಗೆ ಬೇಕಾದದ್ದು ಸಂಬಳಕ್ಕಿಂತ ಹೆಚ್ಚಾಗಿ ಆ ಮೊಹರೆಂಬುದು ಆಡಳಿತದವರಿಗೂ ಗೊತ್ತಿರುವುದರಿಂದ ಹೆಚ್ಚು ಕೊಡುವ ಅವಸರ ಯಾರಿಗೂ ಇಲ್ಲ. ಕೆಲವೆಡೆ ಮೂಲ ಸರ್ಟಿಫಿಕೇಟುಗಳನ್ನು ತಮ್ಮ ಬೀರುವಿನಲ್ಲಿಟ್ಟುಕೊಂಡು, ಇಷ್ಟು ಕಾಲ ಕೆಲಸ ಬಿಡಕೂಡದೆಂದು ಬಾಂಡು ಬರೆಸಿಕೊಳ್ಳುವುದೂ ಉಂಟು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆ ಇಂಥ ಹುಡುಗಿಯನ್ನು ನೋಡಿಯೇ ಹುಟ್ಟಿತೋ ಎನಿಸುತ್ತದೆ.

ದಾರಿಗಳು ಪೂರ್ತಿ ಮುಚ್ಚಿವೆಯೆಂದು ಇದರ ಅರ್ಥವಲ್ಲ. ಬ್ರಿಟನ್ನಿನ ನರ್ಸಿಂಗ್ ಮಂಡಲಿ ಹಿಂದೆ ಹೊರದೇಶದವರಿಂದ ಒಂದು ವರ್ಷದ ಅನುಭವವನ್ನು ಅಪೇಕ್ಷಿಸುತ್ತಿತ್ತು. 2019ರಲ್ಲಿ ಆ ನಿಬಂಧನೆಯನ್ನು ತೆಗೆದುಹಾಕಿತು. ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲಿಯೇ ಕುಳಿತು ಬರೆಯಬಹುದು. ಅದಕ್ಕೂ ಅನುಭವವೇ ಮುಖ್ಯವಲ್ಲ, ಆದರೆ ತೇರ್ಗಡೆಯಾದ ಮೇಲೆ ವೀಸಾದ ಸಾಲಿನಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ಜರ್ಮನಿಯಲ್ಲಿ ಪೂರ್ಣಪ್ರಮಾಣದ ನರ್ಸ್ ಎನಿಸಿಕೊಳ್ಳಲು ಜರ್ಮನ್ ಭಾಷೆಯನ್ನು ಸಾಮಾನ್ಯವಾಗಿ ಬಿ-2 ಮಟ್ಟದವರೆಗೆ ಕಲಿತಿರಬೇಕು. ಹೀಗೆ ಅನುಭವದ ಬೀಗ ತೆಗೆದ ಕಡೆಗಳಲ್ಲಿ ಭಾಷೆಯ ಬೀಗ ಬಿದ್ದಿದೆ. ಈ ಬೀಗಗಳ ನಡುವೆ ಕೀಲಿ ಮಾರುವವರ ಒಂದು ದೊಡ್ಡ ಪೇಟೆಯೇ ಬೆಳೆದಿದೆ. ಬೆಂಗಳೂರು, ಮಂಗಳೂರುಗಳ ಬೀದಿಯಲ್ಲಿ ತಲೆಯೆತ್ತಿ ಬೋರ್ಡುಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

ಇಷ್ಟು ಇಕ್ಕಟ್ಟು, ಇಷ್ಟು ಆಸೆ, ಇಷ್ಟು ಲೆಕ್ಕಾಚಾರವಿರುವ ಬಾಳು ಕಥೆಗಾರನಿಗೆ ಸಿಕ್ಕಿದ ಗಣಿಯೇ ಸರಿ. ಆದರೂ ನಮ್ಮ ಕಲೆ ಈ ಗಣಿಯನ್ನು ಬಹುಕಾಲ ಮುಟ್ಟಲಿಲ್ಲ. ನರ್ಸ್ ಎಂದೊಡನೆ ನಮ್ಮವರಿಗೆ ಕಂಡದ್ದು ಸೇವೆ. ಸೇವೆ ಎಂದೊಡನೆ ತ್ಯಾಗ. ಅಸಿತ್ ಸೇನ್ ನಿರ್ದೇಶಿಸಿದ ಬಂಗಾಳಿಯ ‘ದೀಪ್ ಜ್ವೇಲೆ ಜಾಯ್’ 1959ರಲ್ಲಿ ಬಂತು. ಅವರೇ ಅದನ್ನು 1969ರಲ್ಲಿ ಹಿಂದಿಯಲ್ಲಿ ‘ಖಾಮೋಶಿ’ ಎಂದು ಮತ್ತೆ ತೆಗೆದರು. ಮನೋರೋಗಿಯನ್ನು ಗುಣಪಡಿಸಲು ನರ್ಸೊಬ್ಬಳು ಪ್ರೀತಿಯ ನಟನೆ ಮಾಡಬೇಕು. ನಟನೆ ನಿಜವಾಗಿ, ಕೊನೆಗೆ ರೋಗಿಯ ಹಾಸಿಗೆ ಅವಳದೇ ಆಗುತ್ತದೆ. ಸುಚಿತ್ರಾ ಸೇನ್, ವಹೀದಾ ರೆಹಮಾನ್ ಇಬ್ಬರ ಅಭಿನಯವೂ ದೊಡ್ಡದು. ಅದರ ಬಗ್ಗೆ ತಕರಾರಿಲ್ಲ. ಆದರೆ ಚಿತ್ರ ಮುಗಿದ ಮೇಲೆ ಒಂದು ಸಾಮಾನ್ಯ ಪ್ರಶ್ನೆ ಕೇಳಿಕೊಳ್ಳಿ: ಆಕೆಯ ಸಂಬಳದ ಚಿಂತೆ ಕಥೆಯಲ್ಲಿ ಯಾರಿಗಾದರೂ ಇದೆಯೇ? ಪ್ರೀತಿಯನ್ನೂ ಆಕೆಯ ಕೆಲಸದ ಭಾಗವೆಂದು ಬಗೆದು, ಆಕೆ ಅದರಲ್ಲಿ ಬೆಂದದ್ದನ್ನು ನಾವು ಕಣ್ಣೊರೆಸಿಕೊಂಡು ಮೆಚ್ಚಿದೆವು. ದೇವತೆಗೆ ಸಂಬಳದ ಮಾತೆತ್ತುವುದು ಅಪಚಾರವಾಗುತ್ತದೆ. ದೇವತೆಯೆಂದು ಕರೆದು ಕಡಿಮೆ ಕೊಡುವುದರಲ್ಲಿ ಆಸ್ಪತ್ರೆಯವರಿಗೂ ಕಥೆಗಾರರಿಗೂ ಹೆಚ್ಚಿನ ಭೇದ ಕಾಣುವುದಿಲ್ಲ.

ಈ ದೇವತೆಯನ್ನು ಪೀಠದಿಂದ ಇಳಿಸಿದವರು ಮಲಯಾಳದವರು. ಅದು ಸಹಜವೂ ಹೌದು. 1960ರ ದಶಕದಲ್ಲಿಯೇ ಕೇರಳದ ಹಳ್ಳಿಗಳಿಂದ ಹುಡುಗಿಯರು ಚರ್ಚಿನ ಮುಖಾಂತರ ಜರ್ಮನಿಗೆ ಹೋಗಿ, ಅಲ್ಲಿಯೇ ನರ್ಸಿಂಗ್ ಕಲಿತು ದುಡಿದರು. ಅವರು ಕಳಿಸಿದ ಹಣದಿಂದ ಎದ್ದ ಮನೆಗಳು ಅಲ್ಲಿ ಇಂದಿಗೂ ನಿಂತಿವೆ. ಅಂಥ ನೆಲದಿಂದ ಬಂದ ಎರಡು ಚಿತ್ರಗಳನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು.

ಮೊದಲನೆಯದು ಆಶಿಕ್ ಅಬು ಅವರ ‘22 ಫೀಮೇಲ್ ಕೋಟ್ಟಯಂ’, 2012ರದು. ಕೋಟ್ಟಯಂನ ಹುಡುಗಿ ಟೆಸ್ಸಾ ನರ್ಸಾಗಿ ಬೆಂಗಳೂರಿನಲ್ಲಿದ್ದಾಳೆ. ಅವಳ ಕಣ್ಣು ಕೆನಡಾದ ಮೇಲಿದೆ. ವೀಸಾದ ಕಾಗದಗಳಿಗೆಂದು ಹೋದ ಕಚೇರಿಯಲ್ಲಿ ಸಿರಿಲ್ ಸಿಗುತ್ತಾನೆ, ಪ್ರೀತಿ ಬೆಳೆಯುತ್ತದೆ. ಆಮೇಲಿನದು ದ್ರೋಹ, ಅತ್ಯಾಚಾರ, ಸೆರೆಮನೆ, ಸೇಡು. ಈ ಚಿತ್ರದ ಹಿರಿಮೆ ಅದರ ಸೇಡಿನಲ್ಲಿದೆಯೆಂದು ಹಲವರು ಬರೆದರು. ನನಗೆ ಕಂಡ ಹಿರಿಮೆ ಬೇರೆ. ಪರದೇಶಕ್ಕೆ ಹೊರಟ ಹುಡುಗಿಯ ಪ್ರೇಮಕ್ಕೆ ವೀಸಾ ಕಚೇರಿಯನ್ನೇ ತಾಣವಾಗಿ ಆರಿಸಿದ್ದು ಬಾಳನ್ನು ಬಲ್ಲವರ ಆಯ್ಕೆ. ಕಾಗದ ಯಾರ ಕೈಯಲ್ಲಿದೆಯೋ ಅವನ ಮೇಲೆ ನಂಬಿಕೆ ಇಡದೆ ಇಂಥವಳಿಗೆ ಗತಿಯಿಲ್ಲ. ಆ ನಂಬಿಕೆ ಎಲ್ಲಿ ಮುಗಿಯಿತು, ಒಲವು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಅವಳಿಗೂ ಕಷ್ಟ. ಇದು ಸೂಕ್ಷ್ಮವಾದ, ನಿಜವಾದ ವಸ್ತು.

ದೋಷವೂ ಇಲ್ಲಿಂದಲೇ ಹುಟ್ಟುತ್ತದೆ. ಖಳನಾಯಕನು ರಂಗಕ್ಕೆ ಬಂದೊಡನೆ ಕಾಗದಗಳು ರಂಗದಿಂದ ಹೊರಟುಹೋಗುತ್ತವೆ. ಸೇಡಿನ ಕಥೆಗೆ ಅವುಗಳಿಂದ ಪ್ರಯೋಜನವಿಲ್ಲ. ಕೊನೆಯಲ್ಲಿ ಟೆಸ್ಸಾ ಕೆನಡಾಕ್ಕೆ ಹೊರಡುತ್ತಾಳೆ. ಸೆರೆಮನೆ ಕಂಡುಬಂದ ಹುಡುಗಿಗೆ, ಕೆಲಸದ ಅನುಭವವನ್ನು ಕೂಡಿಸಲು ವೇಳೆಯೇ ಸಿಗದ ಹುಡುಗಿಗೆ, ಆ ಕೆನಡಾ ಹೇಗೆ ಒಲಿಯಿತು? ಆರಂಭದಲ್ಲಿ ಅಷ್ಟು ಕಷ್ಟವಾಗಿದ್ದ ದಾರಿ ಅಂತ್ಯದಲ್ಲಿ ಇಷ್ಟು ಸುಲಭವಾದದ್ದು ಕಥೆಯ ಹಂಗಿಗೆ ಬಿದ್ದದ್ದರಿಂದಲೇ ಹೊರತು ಬಾಳಿನ ನ್ಯಾಯದಿಂದಲ್ಲ.

ಎರಡನೆಯದು ಮಹೇಶ್ ನಾರಾಯಣನ್ ಅವರ ‘ಟೇಕ್ ಆಫ್’, 2017ರದು. ಇದರ ಹಿಂದೆ ನಿಜವಾಗಿ ನಡೆದ ಘಟನೆಯಿದೆ. 2014ರಲ್ಲಿ ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ ಭಾರತದ 46 ಮಂದಿ ನರ್ಸುಗಳು ಯುದ್ಧದ ನಡುವೆ ಸಿಕ್ಕಿಬಿದ್ದರು. ಉಗ್ರರು ಅವರನ್ನು ಮೊಸುಲ್‌ಗೆ ಒಯ್ದರು. ಜುಲೈ 5ರಂದು ಅವರು ಕೊಚ್ಚಿಯಲ್ಲಿ ಬಂದಿಳಿದರು. ಅಂದಿನ ಪತ್ರಿಕೆಗಳನ್ನು ಓದಿದವರಿಗೆ ಒಂದು ವಿವರ ನೆನಪಿರಬಹುದು. ಗುಂಡಿನ ಸದ್ದು ಕೇಳುತ್ತಿದ್ದಾಗಲೂ ಊರಿಗೆ ಮರಳಲು ಅವರಲ್ಲಿ ಕೆಲವರು ಹಿಂಜರಿದರು. ಬರಬೇಕಾದ ಸಂಬಳ ಬಂದಿರಲಿಲ್ಲ; ಊರಿನಲ್ಲಿ ಸಾಲ ಕಾದಿತ್ತು. ಸಾವಿನ ಭಯವನ್ನೂ ಸಾಲದ ಭಯವನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಾದ ಸ್ಥಿತಿ ಎಂದರೆ ಎಂಥದು! ಇದಕ್ಕಿಂತ ದೊಡ್ಡ ನಾಟಕ ಬೇರೆ ಬೇಕೇ?

ಮಹೇಶ್ ನಾರಾಯಣನ್ ಇದನ್ನು ಅರಿತಿದ್ದಾರೆಂಬುದಕ್ಕೆ ಚಿತ್ರದ ಪೂರ್ವಾರ್ಧವೇ ಸಾಕ್ಷಿ. ಸಮೀರಾ ಟೆಸ್ಸಾಳಂತೆ ಹೊಸಬಳಲ್ಲ; ದುಡಿದು ದಣಿದವಳು. ಮುರಿದ ಮದುವೆ, ಮಗು, ತವರಿನ ಸಾಲ, ಮರುಮದುವೆ, ಹೊಟ್ಟೆಯಲ್ಲಿ ಇನ್ನೊಂದು ಜೀವ. ಇವೆಲ್ಲವನ್ನೂ ಹೊತ್ತುಕೊಂಡು ಆಕೆ ಇರಾಕಿಗೆ ಹೊರಡುತ್ತಾಳೆ. ಆಕೆಯ ಪಾಲಿಗೆ ಇರಾಕು ಸಾಹಸದ ನಾಡಲ್ಲ, ಲೆಕ್ಕ ಚುಕ್ತಾ ಮಾಡುವ ಸ್ಥಳ. ಪಾರ್ವತಿಯವರು ಈ ಪಾತ್ರದ ಗಡಸುತನವನ್ನು ಎಲ್ಲಿಯೂ ಮೆದುಗೊಳಿಸಿಲ್ಲ. ಸದಾ ಹಣದ ಚಿಂತೆಯಲ್ಲಿರುವ ಹೆಣ್ಣನ್ನು ಪ್ರೇಕ್ಷಕರು ಪ್ರೀತಿಸಲಾರರೆಂಬ ಹಳೆಯ ಅಂಜಿಕೆಯನ್ನು ಅವರು ಸುಳ್ಳು ಮಾಡಿದ್ದಾರೆ. ಉತ್ತರಾರ್ಧದಲ್ಲಿ ಕಥೆಯ ಭಾರ ರಾಯಭಾರಿಯ ಹೆಗಲಿಗೆ ಜಾರುತ್ತದೆ. ಬಿಡುಗಡೆಯಾಗುತ್ತದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ವಿಮಾನ ಬಂದಿಳಿದ ಮೇಲೆ ನಾವು ನೆಮ್ಮದಿಯಿಂದ ಏಳುತ್ತೇವೆ. ಸಾಲ? ಅದು ತೀರಿಲ್ಲ. ಇರಾಕಿನಿಂದ ಬರಿಗೈಯಲ್ಲಿ ಬಂದವಳಿಗೆ ಅದು ಮೊದಲಿಗಿಂತಲೂ ಭಾರ. ನಿಜವಾದ ಮೂರನೆಯ ಅಂಕ ಪ್ರಾರಂಭವಾಗಬೇಕಾದಲ್ಲಿ ಚಿತ್ರ ಮುಗಿಯುತ್ತದೆ.

ಅದೇ ವರ್ಷದ ಕೊನೆಗೆ ಬಂದ ಹಿಂದಿಯ ‘ಟೈಗರ್ ಜಿಂದಾ ಹೈ’ ಇದೇ ಘಟನೆಯಿಂದ ಹೊರಟದ್ದು. ಅದನ್ನು ಹೆಚ್ಚು ಚರ್ಚಿಸಬೇಕಾಗಿಲ್ಲ. ಅಲ್ಲಿ ನರ್ಸುಗಳು ನಾಯಕನು ಬಿಡಿಸಿಕೊಂಡು ಬರಬೇಕಾದ ಸೊತ್ತು ಮಾತ್ರ. ಇವೆರಡನ್ನೂ ಒಟ್ಟಿಗೆ ನೋಡಿದರೆ ‘ಟೇಕ್ ಆಫ್’ ಎಷ್ಟು ಎತ್ತರದ್ದೆಂಬುದು ತಿಳಿದೀತು.

ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಈ ವಿಷಯವನ್ನು ಬೇರೊಂದು ಬದಿಯಿಂದ ಮುಟ್ಟುತ್ತದೆ. 2024ರಲ್ಲಿ ಕಾನ್ ಉತ್ಸವದ ಗ್ರಾಂ ಪ್ರಿ ಗೌರವ ಪಡೆದ ಚಿತ್ರವಿದು. ಇಲ್ಲಿ ಮಲಯಾಳಿ ನರ್ಸ್ ಪ್ರಭಾ ಮುಂಬಯಿಯಲ್ಲಿಯೇ ಇದ್ದಾಳೆ. ಜರ್ಮನಿಗೆ ಹೋದವನು ಗಂಡ. ಅಲ್ಲಿಂದ ಮಾತು ಬರುವುದು ನಿಂತಿದೆ. ಒಂದು ದಿನ ಅನ್ನ ಮಾಡುವ ಕುಕ್ಕರ್ ಬರುತ್ತದೆ. ಪರದೇಶವೆಂಬುದು ಉಳಿದವರ ಮನೆಯೊಳಗೆ ಯಾವ ರೂಪದಲ್ಲಿ ಕುಳಿತಿರುತ್ತದೆ ಎಂಬುದನ್ನು ಆ ಒಂದು ವಸ್ತು ಹೇಳುತ್ತದೆ. ಅಬ್ಬರವಿಲ್ಲದೆಯೂ ಈ ಬಾಳನ್ನು ಹೇಳಬಹುದೆಂಬುದಕ್ಕೆ ಇದೊಂದು ಪ್ರಮಾಣ.

ಇಷ್ಟು ಹೇಳಿದ ಮೇಲೆ, ಖಳನೋ ಯುದ್ಧವೋ ಇಲ್ಲದೆ ಸಾಲ, ಸರ್ಟಿಫಿಕೇಟುಗಳಿಂದಲೇ ಕಥೆಯಾದೀತೇ ಎಂದು ವಾಚಕರು ಕೇಳಬಹುದು. ‘ಇದು ಉದ್ಯೋಗವಾರ್ತೆಯ ವಿಷಯ, ಸಾಹಿತ್ಯದ್ದಲ್ಲ’ ಎಂದು ನನ್ನ ಸಹೋದ್ಯೋಗಿಯೊಬ್ಬರೇ ಹೇಳಿದರು. ಅವರಿಗೆ ಕೊಡಬಹುದಾದ ಉತ್ತರ ಕನ್ನಡದಲ್ಲಿ 1933ರಿಂದಲೂ ಇದೆ. ಕಾರಂತರ ‘ಚೋಮನ ದುಡಿ’ಯನ್ನು ಜಾತಿಯ ಕಥೆಯೆಂದು, ಬೇಸಾಯದ ಹಂಬಲದ ಕಥೆಯೆಂದು ಪಾಠ ಹೇಳುತ್ತೇವೆ. ಅದು ಸಾಲದ ಕಥೆಯೂ ಹೌದು. ಸಾಲ ತೀರಿಸಲು ಊರು ಬಿಟ್ಟು ದುಡಿಯಹೋದ ಮಕ್ಕಳ ಕಥೆಯೂ ಹೌದು. ಚೋಮನ ಸಾಲಕ್ಕಾಗಿ ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಅವರಿಂದ ತೀರುವುದಿಲ್ಲ. ಬಳಿಕ ಬೆಳ್ಳಿ ಹೋಗುತ್ತಾಳೆ; ಸಾಲ ತೀರುತ್ತದೆ. ಅದು ಹೇಗೆ ತೀರಿತೆಂಬುದರಲ್ಲಿಯೇ ಕಥೆಯ ಇರಿತವಿದೆ. ಹೆಣ್ಣಿನ ಮೇಲಿನ ಅನ್ಯಾಯವನ್ನು ಕಾರಂತರೂ ಹೇಳಿದರು. ಆದರೆ ಅದನ್ನು ಹೇಳುವಾಗ ಲೆಕ್ಕದ ಪುಸ್ತಕವನ್ನು ಮುಚ್ಚಲಿಲ್ಲ. ಅನ್ಯಾಯ ಎಲ್ಲಿಂದಲೋ ಸಿಡಿಲಿನಂತೆ ಬಂದು ಬೀಳುವುದಿಲ್ಲ. ಅದು ಆ ಪುಸ್ತಕದ ಒಂದು ಪುಟವಾಗಿಯೇ ಬರುತ್ತದೆ. ‘22 ಫೀಮೇಲ್ ಕೋಟ್ಟಯಂ’ ಕೈಬಿಟ್ಟದ್ದು ಇದನ್ನೇ. ಬೆಳ್ಳಿ ಹೋದ ತೋಟಕ್ಕೂ ಟೆಸ್ಸಾ ಹೋದ ವೀಸಾ ಕಚೇರಿಗೂ ನಡುವೆ ಸುಮಾರು ಎಂಬತ್ತು ವರ್ಷವಿದೆ. ಪುಸ್ತಕದ ರೀತಿ ಬಹಳ ಬದಲಾಗಿಲ್ಲ.

ಕಲೆಯ ಈ ಲೋಪ ಕಲೆಯೊಳಗೇ ಉಳಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಯಾವುದಕ್ಕೆ ಹೆದರಬೇಕೆಂಬುದನ್ನು ಜನ ಬಹುಮಟ್ಟಿಗೆ ಕಥೆಗಳಿಂದ ಕಲಿಯುತ್ತಾರೆ. ಕಾಮುಕನಿಗೂ ಯುದ್ಧಕ್ಕೂ ಹೆದರಬೇಕೆಂದು ನಮ್ಮ ಚಿತ್ರಗಳು ಕಲಿಸಿವೆ, ತಪ್ಪಲ್ಲ. ಆದರೆ ಸಹಿ ಹಾಕುವ ಕಾಗದಕ್ಕೆ ಹೆದರಬೇಕೆಂದು ಕಲಿಸಿದವರಾರು? 2015ರಲ್ಲಿ ಕೊಚ್ಚಿಯಲ್ಲಿ ಹೊರಬಿದ್ದ ಕುವೈತ್ ನೇಮಕದ ಪ್ರಕರಣವನ್ನು ನೆನೆಯಿರಿ. ನಿಯಮದಂತೆ ಸುಮಾರು 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ ಒಬ್ಬೊಬ್ಬ ನರ್ಸಿನಿಂದ ಸುಮಾರು 19.5 ಲಕ್ಷ ವಸೂಲಾಯಿತೆಂಬುದು ಸಿ.ಬಿ.ಐ.ಯ ಆರೋಪ. ಅದೇ ವರ್ಷ ಸರ್ಕಾರವು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸುಗಳ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗತಕ್ಕದ್ದೆಂದು ಕಟ್ಟು ಮಾಡಿತು. ಆ ಹಣ ಕೊಟ್ಟ ಮನೆಗಳ ತಂದೆತಾಯಿ ಮಗಳನ್ನು ಒಂಟಿಯಾಗಿ ರಾತ್ರಿ ಬಸ್ಸಿಗೆ ಹತ್ತಿಸಲು ನೂರು ಸಲ ಯೋಚಿಸುವ ಜನ. ಅವರ ಎಚ್ಚರವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ವೆಚ್ಚವಾಯಿತು. ಏಜೆಂಟನ ಮೇಜಿನ ಮುಂದೆ ಏನೂ ಉಳಿಯಲಿಲ್ಲ.

ಇಲ್ಲಿ ನನಗೆ ನೇರವಾಗಿ ತಿಳಿದ ಒಂದು ಸಂಗತಿ ಹೇಳಬೇಕು. ನನ್ನಲ್ಲಿ ಪಿ.ಯು.ಸಿ. ಓದಿದ್ದ ರೈತರ ಮನೆಯ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ ಒಮ್ಮೆ ನೋಡಲು ಬಂದಿದ್ದಳು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಓದಿದವಳು. “ಎರಡು ವರ್ಷ ಎಕ್ಸ್‌ಪೀರಿಯನ್ಸ್ ಇದ್ರೆ ಬಾ ಅಂತಾರೆ ಸಾರ್. ಇಲ್ಲಿ ಕೇಳಿದ್ರೂ ಎಕ್ಸ್‌ಪೀರಿಯನ್ಸ್ ಇದ್ದೋರೇ ಬೇಕು ಅಂತಾರೆ. ಮೊದಲನೇ ದಿನ ಎಲ್ಲಿಂದ ತರೋದು?” ಎಂದಳು. ಬ್ರಿಟನ್ನಿಗೆ ಹೋಗಲು ಓ.ಇ.ಟಿ. ಎಂಬ ಭಾಷಾಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಬರೆದು ಅಭ್ಯಾಸ ಮಾಡಿದ ಒಂದು ಪತ್ರವನ್ನು ಮುಂದಿಟ್ಟಳು. ಇಂಗ್ಲಿಷು ನನ್ನ ವಿಷಯವಲ್ಲವೆಂದೆ. “ಇಂಗ್ಲಿಷ್ ಸಾರ್ ನೋಡಿದಾರೆ. ಅರ್ಥ ಆಗೋ ಹಾಗಿದೆಯಾ ನೀವು ಹೇಳಿ” ಎಂದಳು.

ಆ ಪರೀಕ್ಷೆಯ ಕ್ರಮ ಹೀಗಿದೆ. ರೋಗಿಯೊಬ್ಬನ ಚಿಕಿತ್ಸೆಯ ಟಿಪ್ಪಣಿಗಳನ್ನು ಕೊಡುತ್ತಾರೆ. ಓದಲು ಐದು ನಿಮಿಷ, ಬರೆಯಲು ನಲವತ್ತು ನಿಮಿಷ. ಆ ರೋಗಿಯನ್ನು ಮುಂದೆ ನೋಡಿಕೊಳ್ಳುವವರಿಗೆ ಒಂದು ಪತ್ರ ಬರೆಯಬೇಕು. ಟಿಪ್ಪಣಿಯಲ್ಲಿರುವುದನ್ನೆಲ್ಲ ಬರೆದರೆ ಅಂಕ ಹೋಗುತ್ತದೆ. ಬೇಕಾದದ್ದನ್ನು ಬಿಟ್ಟರೆ ರೋಗಿಗೆ ಅಪಾಯ. ಪತ್ರ ಓದುವವರಿಗೆ ಏನು ತಿಳಿದಿದೆ, ಏನು ತಿಳಿಯಬೇಕು ಎಂಬುದನ್ನು ಊಹಿಸಿ ಆರಿಸಬೇಕು. ಆಕೆಯ ಪತ್ರದಲ್ಲಿ ಮುದುಕಿಯೊಬ್ಬಳ ಕಾಲಿನ ಗಾಯ, ಮದ್ದಿನ ಪ್ರಮಾಣ, ಆಕೆ ಮನೆಯಲ್ಲಿ ಒಬ್ಬಳೇ ಇರುವುದು, ಮೆಟ್ಟಿಲು ಹತ್ತಲಾರದ್ದು ಇಷ್ಟಿತ್ತು. ಒಂದು ಮಾತು ಹೆಚ್ಚಿಲ್ಲ. ಅದನ್ನು ಓದಿದವರಿಗೆ ಆ ಮುದುಕಿ ಕಣ್ಣ ಮುಂದೆ ಬರುತ್ತಾಳೆ. ಔಚಿತ್ಯವೆಂದು ಕ್ಷೇಮೇಂದ್ರ ಹೇಳಿದ್ದನ್ನು ನಾನು ತರಗತಿಯಲ್ಲಿ ವಾರಗಟ್ಟಲೆ ವಿವರಿಸುತ್ತೇನೆ. ಆ ಹುಡುಗಿ ಅದನ್ನು ಒಂದು ಪುಟದಲ್ಲಿ ಮಾಡಿ ತೋರಿಸಿದ್ದಳು. ಯಾವುದನ್ನು ಬಿಡಕೂಡದೆಂಬ ವಿವೇಕ ನಮ್ಮ ಚಿತ್ರಕಥೆಗಾರರಲ್ಲಿ ಇಷ್ಟಿದ್ದರೆ ಸಾಲದ ಸಂಗತಿ ನಡುದಾರಿಯಲ್ಲಿ ಬಿದ್ದುಹೋಗುತ್ತಿರಲಿಲ್ಲ. ಅನುಭವವಿಲ್ಲದವಳೆಂದು ಎಲ್ಲರೂ ಹಿಂದಕ್ಕೆ ಕಳಿಸಿದ ಹುಡುಗಿ ಇವಳು!

ಹಾಗಾದರೆ ಕನ್ನಡದ ಪಾಡೇನು? ವೈದ್ಯಜಗತ್ತು ನಮ್ಮ ಕಾದಂಬರಿಗೆ ಹೊಸದಲ್ಲ. ತ್ರಿವೇಣಿಯವರು ‘ಶರಪಂಜರ’ದಲ್ಲಿ ಮನೋರೋಗವನ್ನು ಮನೆಯೊಳಗಿನ ನೋವಾಗಿ ತೋರಿಸಿದರು, ಅನುಪಮಾ ನಿರಂಜನ ಅವರು ಸ್ವತಃ ವೈದ್ಯರಾಗಿದ್ದು ಬರೆದರು. ಪರದೇಶವೂ ಹೊಸದಲ್ಲ, ಅಮೆರಿಕೆಗೆ ಹೋದ ಇಂಜಿನಿಯರ ಮನೆಯ ಬೇಸರ ನಮ್ಮ ಕಥೆಗಳಲ್ಲಿ ಸಾಕಷ್ಟು ಬಂದಿದೆ. ಇವೆರಡೂ ಕೂಡುವ ಜಾಗದಲ್ಲಿ ನಿಂತಿರುವ ನರ್ಸ್ ಮಾತ್ರ ಬಹುಮಟ್ಟಿಗೆ ಸೂಜಿ ಹಿಡಿದು ಬಂದು ಹೋಗುವ ಪಾತ್ರವಾಗಿಯೇ ಉಳಿದಿದ್ದಾಳೆ. ಅವಳು ಓದುವುದು ನಮ್ಮ ನಗರಗಳಲ್ಲಿ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದಲೂ ಈಶಾನ್ಯದ ರಾಜ್ಯಗಳಿಂದಲೂ ಹುಡುಗಿಯರು ಬರುತ್ತಾರೆ; ನಮ್ಮ ಹಳ್ಳಿಗಳ ಹುಡುಗಿಯರೂ ಈಗ ಅವರೊಡನೆ ಇದ್ದಾರೆ. ‘22 ಫೀಮೇಲ್ ಕೋಟ್ಟಯಂ’ ನಡೆಯುವ ಬೆಂಗಳೂರು ನಮ್ಮದೇ. ನಾವು ಅದನ್ನು ಮಲಯಾಳದ ಕಣ್ಣಿನಿಂದ ನೋಡಬೇಕಾಯಿತು. ಪರರ ಊರಿನ ಹುಡುಗಿ, ಇಂದೋ ನಾಳೆಯೋ ಹೊರಟುಹೋಗುವವಳು ಎಂಬ ಉದಾಸೀನ ಇದಕ್ಕೆ ಕಾರಣವಿರಬೇಕು. ನಮ್ಮ ಮನೆಯ ಮುದುಕರ ಹಾಸಿಗೆ ಬದಲಿಸುವ ಕೈ ಅದೇ ಎಂಬುದನ್ನು ಆಸ್ಪತ್ರೆಯ ಬಿಲ್ಲು ಕಟ್ಟಿ ಬಂದ ಮೇಲೆ ಮರೆಯುತ್ತೇವೆ.

ಬರಬೇಕಾದ ಕಾದಂಬರಿ ಹೇಗಿರಬೇಕೆಂದು ವಿಧಿಸುವ ಅಧಿಕಾರ ವಿಮರ್ಶಕನಿಗಿಲ್ಲ. ಆದರೂ ಒಂದು ಅಪೇಕ್ಷೆಯನ್ನು ಹೇಳಬಹುದು. ಅದರಲ್ಲಿ ಕೇಡಿಗನಿರಲಿ, ಇಲ್ಲದಿರಲಿ. ಸಾಲ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇರಲಿ. ವೀಸಾ ಸಿಗಲಿ, ಸಿಗದಿರಲಿ; ಆ ಎರಡು ವರ್ಷದ ರಾತ್ರಿ ಪಾಳಿಗಳು, ಹಾಸ್ಟೆಲಿನಲ್ಲಿ ಮಲಗಿಯೂ ನಿದ್ದೆ ಬಾರದ ಹಗಲುಗಳು, ಬೀರುವಿನೊಳಗೆ ಸಿಕ್ಕಿಕೊಂಡ ಸರ್ಟಿಫಿಕೇಟು, ಊರಿನಿಂದ ಫೋನು ಮಾಡಿ ಬಡ್ಡಿಯ ಮಾತನ್ನು ಬಾಯಿಗೆ ತಾರದೆ ಮಳೆಯ ಮಾತಾಡುವ ತಂದೆ, ಇವರೆಲ್ಲ ಬರಲಿ. ಅಂಥ ಪುಸ್ತಕವನ್ನು ಬರೆಯುವವಳು ಪ್ರಾಯಶಃ ಈಗ ಎಲ್ಲೋ ಒಂದು ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಳೆ. ಅದು ಬರುವವರೆಗೆ, ಮಗಳನ್ನು ಪರದೇಶಕ್ಕೆ ಕಳಿಸುವ ಮನೆಯವರು ಏಜೆಂಟನ ಮುಖವನ್ನು ಪರೀಕ್ಷಿಸುವುದಕ್ಕಿಂತ ಹೆಚ್ಚಾಗಿ ಅವನು ಮುಂದಿಟ್ಟ ಕಾಗದವನ್ನು ಪರೀಕ್ಷಿಸಲಿ. ಓದಿ ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಲಿ. ಸಹಿ ಆಮೇಲೆ ಹಾಕಿದರಾಯಿತು.